ಹದಿನಾಲ್ಕು ವಾರದ ಮಗು

ಕ್ಲೇರ್ ಕೀಗನ್ ಅವರ ‘ಸ್ಮಾಲ್ ಥಿಂಗ್ಸ್ ಲೈಕ್ ದೀಸ್’ ಕಿರುಕಾದಂಬರಿಯನ್ನು ನಮ್ಮ ಕಾಲೇಜಿನ ಓದುಗುಂಪಿನಲ್ಲಿ ಚರ್ಚೆಗೆ ಎತ್ತಿಕೊಂಡ ದಿನ ಎಲ್ಲರೂ ಮಾತಾಡಿದ್ದು ಅದರ ಕೊನೆಯ ಪುಟಗಳನ್ನು ಕುರಿತು. ಕ್ರಿಸ್‌ಮಸ್ಸಿನ ಹಿಂದಿನ ಸಂಜೆ, ಐರ್ಲೆಂಡಿನ ನ್ಯೂ ರಾಸ್ ಎಂಬ ಊರಿನಲ್ಲಿ, ಬಿಲ್ ಫರ್ಲಾಂಗ್ ಎಂಬ ಕಲ್ಲಿದ್ದಲು ವ್ಯಾಪಾರಿ ಸನ್ಯಾಸಿನಿಯರ ಮಠಕ್ಕೆ ಹೋಗುತ್ತಾನೆ. ಅಲ್ಲಿನ ಕಲ್ಲಿದ್ದಲ ಕೋಣೆಯಲ್ಲಿ ಕೂಡಿಹಾಕಿದ್ದ ಹುಡುಗಿಗೆ ತನ್ನ ಕೋಟು ಹೊದಿಸಿ, ಬರಿಗಾಲಿನ ಅವಳನ್ನು ಊರಿನ ಬೀದಿಯಲ್ಲಿ ಎಲ್ಲರ ಕಣ್ಣೆದುರು ನಡೆಸಿಕೊಂಡು ಮನೆಯ ಕಡೆ ಹೊರಡುತ್ತಾನೆ. ಕಾದಂಬರಿ ಅಲ್ಲಿಗೆ ಮುಗಿಯುತ್ತದೆ. ಆ ನಡಿಗೆಯ ಬಗ್ಗೆ, ಫರ್ಲಾಂಗನ ಧೈರ್ಯದ ಬಗ್ಗೆ, ಸುಮ್ಮನಿದ್ದ ಊರಿನ ಬಗ್ಗೆ ನಾವೆಲ್ಲ ಒಂದು ಗಂಟೆ ಮಾತಾಡಿದ ಮೇಲೆ, ಹಿಂದಿನ ಬೆಂಚಿನಿಂದ ಎರಡನೇ ವರ್ಷದ ಬಿ.ಎ. ಹುಡುಗಿಯೊಬ್ಬಳು ಕೇಳಿದಳು: “ಸರ್, ಹಾಗಾದ್ರೆ ಆ ಮಗು ಎಲ್ಲಿಗ್ ಹೋಯ್ತು?”

ಯಾವ ಮಗು ಎಂದು ಹೊಳೆಯಲು ನನಗೆ ಒಂದು ಕ್ಷಣ ಹಿಡಿಯಿತು. ಪುಸ್ತಕವನ್ನು ಎರಡು ಸಲ ಓದಿ, ಟಿಪ್ಪಣಿ ಮಾಡಿಕೊಂಡು ಬಂದವನು ನಾನು. ಆ ನಾಚಿಕೆಯೇ ಈ ಬರಹಕ್ಕೆ ಕಾರಣ.

ಫರ್ಲಾಂಗ್ ಆ ಹುಡುಗಿಯನ್ನು ಮೊದಲು ನೋಡುವುದು ಇದಕ್ಕೂ ಕೆಲವು ದಿನ ಹಿಂದೆ, ಬೆಳಗಿನ ಜಾವ ಮಠಕ್ಕೆ ಕಲ್ಲಿದ್ದಲು ಇಳಿಸಲು ಹೋದಾಗ. ಇಡೀ ರಾತ್ರಿಯೋ ಅದಕ್ಕಿಂತ ಹೆಚ್ಚೋ ಅಲ್ಲಿ ಬಿದ್ದಿದ್ದ ಅವಳು ಅವನಲ್ಲಿ ತನ್ನನ್ನು ಬಿಡಿಸು ಎಂದು ಕೇಳುವುದಿಲ್ಲ. ತನ್ನ ಮಗುವಿನ ಬಗ್ಗೆ ಒಳಗೆ ವಿಚಾರಿಸುತ್ತೀರಾ ಎಂದು ಕೇಳುತ್ತಾಳೆ. ಮಗುವಿಗೆ ಹದಿನಾಲ್ಕು ವಾರ. ಅದನ್ನು ಅವಳಿಂದ ತೆಗೆದುಕೊಂಡಿದ್ದಾರೆ. ಅದು ಇನ್ನೂ ಇಲ್ಲೇ ಇದ್ದರೆ ಮತ್ತೆ ಹಾಲುಣಿಸಲು ಬಿಟ್ಟಾರು ಎಂಬ ಆಸೆ ಅವಳದು. ಇಡೀ ಪುಸ್ತಕದಲ್ಲಿ ಆ ಹುಡುಗಿ ಇಟ್ಟ ಬೇಡಿಕೆ ಇದೊಂದೇ. ಒಳಗೆ ಮದರ್ ಸುಪೀರಿಯರ್ ಚಹಾ ಕೊಡುತ್ತಾಳೆ, ಕಲ್ಲಿದ್ದಲಿನ ಲೆಕ್ಕದ ಮೇಲೆ ಕ್ರಿಸ್‌ಮಸ್ ಹಣವನ್ನೂ ಕೊಡುತ್ತಾಳೆ. ಹುಡುಗಿಯನ್ನು ತೊಳೆದು, ಬಟ್ಟೆ ತೊಡಿಸಿ ಮೇಜಿನ ಮುಂದೆ ಕೂರಿಸುತ್ತಾರೆ. ಫರ್ಲಾಂಗ್ ಅವಳ ಹೆಸರು ಕೇಳುತ್ತಾನೆ. ಮಗುವಿನ ವಿಷಯ ಎತ್ತುವುದಿಲ್ಲ. ಆಮೇಲೆ ಅವನನ್ನು ಕಾಡುವುದೂ ಇದೇ: ಅವಳು ಕೇಳಿದ್ದ ಆ ಒಂದೇ ಕೆಲಸವನ್ನು ತಾನು ಮಾಡಲಿಲ್ಲ, ದುಡ್ಡು ತೆಗೆದುಕೊಂಡು ಬಂದೆ, ಅವಳ ಎದೆಹಾಲು ಸೋರಿ ರವಿಕೆ ಒದ್ದೆಯಾಗಿತ್ತು.

ಅಂದರೆ ಕೀಗನ್ ಮರೆತಿಲ್ಲ. ಮರೆತವರು ನಾವು. ಕೊನೆಯಲ್ಲಿ ಫರ್ಲಾಂಗ್ ಹುಡುಗಿಯನ್ನು ಕರೆದೊಯ್ಯುತ್ತಾನೆ. ಮಗು ಆ ಗೋಡೆಗಳ ಆಚೆಗೋ, ಆಗಲೇ ಬೇರೆ ಯಾರದೋ ಕೈಯಲ್ಲೋ ಉಳಿಯುತ್ತದೆ. ಈ ಕಾದಂಬರಿಯನ್ನು ಒಬ್ಬ ಸಾಧಾರಣ ಮನುಷ್ಯನ ನೈತಿಕ ಗೆಲುವಿನ ಕಥೆಯಾಗಿ ಓದುವುದು ವಾಡಿಕೆ. 2022ರಲ್ಲಿ ರಾಜಕೀಯ ಕಾದಂಬರಿಗಾಗಿ ಇರುವ ಆರ್ವೆಲ್ ಪ್ರಶಸ್ತಿ ಬಂದಾಗ, ಅದೇ ವರ್ಷ ಬೂಕರ್ ಅಂತಿಮ ಪಟ್ಟಿ ಸೇರಿದಾಗ ಬಂದ ಮೆಚ್ಚುಗೆಯಲ್ಲಿ ಈ ಧ್ವನಿಯೇ ಹೆಚ್ಚು ಕೇಳಿತು. ನನಗೀಗ ಅನಿಸುವುದು ಬೇರೆ. ಬಿಡಿಸಿ ತರುವ ಕಥೆಗಳಿಗೆ ಒಂದು ಕಷ್ಟವಿದೆ: ಅವು ಒಬ್ಬರನ್ನು ಎತ್ತಿಕೊಳ್ಳಬಲ್ಲವು, ಇಬ್ಬರನ್ನಲ್ಲ. ತಾಯಿ ಸಿಕ್ಕರೆ ಮಗು ತಪ್ಪುತ್ತದೆ, ಮಗು ಸಿಕ್ಕರೆ ತಾಯಿ. ಹದಿಹರೆಯದ ತಾಯಂದಿರನ್ನು ಇರಿಸುತ್ತಿದ್ದ ಈ ಮನೆಗಳ ಬಗ್ಗೆ ಬಂದ ಕಥೆ, ಸಿನಿಮಾ, ಸರ್ಕಾರಿ ವರದಿ ಎಲ್ಲವನ್ನೂ ಈ ಒಂದು ಪ್ರಶ್ನೆಯಿಂದ ನೋಡಬಹುದು: ತಾಯಿ ಮತ್ತು ಮಗು ಒಂದೇ ಚೌಕಟ್ಟಿನಲ್ಲಿ ಇದ್ದಾರೆಯೇ?

ಕೀಗನ್ ಪುಸ್ತಕದಲ್ಲಿ ಹಾಗಿರುವ ಒಂದು ಜಾಗವಿದೆ. ಆದರೆ ಅದು ನಲವತ್ತು ವರ್ಷ ಹಿಂದಿನದು. ಫರ್ಲಾಂಗನ ತಾಯಿ ಹದಿನಾರನೇ ವಯಸ್ಸಿನಲ್ಲಿ ಬಸುರಿಯಾದವಳು. ಮಿಸೆಸ್ ವಿಲ್ಸನ್ ಎಂಬ ವಿಧವೆಯ ಮನೆಯಲ್ಲಿ ಕೆಲಸಕ್ಕಿದ್ದಳು. ತವರಿನವರು ಕೈಬಿಟ್ಟರು. ವಿಲ್ಸನ್ ಅವಳನ್ನು ಕೆಲಸದಿಂದ ತೆಗೆಯಲಿಲ್ಲ, ಎಲ್ಲಿಗೂ ಕಳಿಸಲಿಲ್ಲ, ಅಷ್ಟೇ. ಮಗು ಅದೇ ಮನೆಯಲ್ಲಿ, ಅಮ್ಮ ಕೆಲಸ ಮಾಡುವ ಅಡುಗೆಮನೆಯ ಆಸುಪಾಸಿನಲ್ಲಿ ಬೆಳೆಯಿತು. ಫರ್ಲಾಂಗನ ತಾಯಿಯ ಹೆಸರು ಸಾರಾ. ಕಲ್ಲಿದ್ದಲ ಕೋಣೆಯ ಹುಡುಗಿಯ ಹೆಸರೂ ಸಾರಾ. ಮಠದಲ್ಲಿ ಮಾತ್ರ ಅವಳನ್ನು ಕರೆಯುವುದು ಎಂಡಾ ಎಂದು. ಸೇರಿದ ದಿನವೇ ಹೆಸರು ಬದಲಿಸುವುದು ಅಂಥ ಮನೆಗಳ ರೂಢಿ. ಮುಂದೆ ಯಾರಾದರೂ ಹುಡುಕಿಕೊಂಡು ಬಂದರೆ ಹಾಗೊಬ್ಬಳು ಇಲ್ಲಿ ಇರಲೇ ಇಲ್ಲ ಎಂದು ಹೇಳಲು ಇದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ.

ವಿಲ್ಸನ್ ಒಳ್ಳೆಯವಳು ಎಂದು ಓದುಗರೆಲ್ಲ ಹೇಳುತ್ತಾರೆ, ನಿಜ. ಆದರೆ ಆ ಒಳ್ಳೆಯತನಕ್ಕೆ ಆಧಾರ ಏನಿತ್ತು ಎನ್ನುವುದನ್ನೂ ಕೀಗನ್ ಎರಡೇ ಸಾಲಿನಲ್ಲಿ ಹೇಳಿಬಿಟ್ಟಿದ್ದಾರೆ: ಅವಳು ಪ್ರೊಟೆಸ್ಟಂಟ್, ಹಾಗಾಗಿ ಕ್ಯಾಥೊಲಿಕ್ ಪಾದ್ರಿಯ ಮಾತಿಗೆ ಬಗ್ಗಬೇಕಿಲ್ಲ, ಮೊದಲ ಮಹಾಯುದ್ಧದಲ್ಲಿ ಸತ್ತ ಗಂಡನ ಪಿಂಚಣಿ ಬರುತ್ತದೆ, ಜೊತೆಗೆ ಒಂದಿಷ್ಟು ದನ, ಕುರಿ. ಊರು ಬಾಯಿಗೆ ಬಂದದ್ದು ಆಡಿಕೊಂಡರೂ ಅವಳ ಒಲೆ ಆರುವುದಿಲ್ಲ. ಫರ್ಲಾಂಗನ ಹೆಂಡತಿ ಐಲೀನಳಿಗೆ ಆ ಸವಲತ್ತಿಲ್ಲ. ಐದು ಹೆಣ್ಣುಮಕ್ಕಳು, ಊರಿನ ಒಳ್ಳೆಯ ಶಾಲೆ ಮಠದ ಗೋಡೆಗೆ ಒತ್ತಿಕೊಂಡೇ ಇದೆ. ಬದುಕಬೇಕಾದರೆ ಕೆಲವನ್ನು ಕಂಡೂ ಕಾಣದ ಹಾಗಿರಬೇಕು ಎಂದು ಅವಳು ಹೇಳಿದಾಗ ವಿಮರ್ಶಕರು ಮುಖ ಸಿಂಡರಿಸುತ್ತಾರೆ. ನನಗೆ ಅವಳ ಮೇಲೆ ಅಷ್ಟು ಸಿಟ್ಟು ಬರುವುದಿಲ್ಲ. ಕನ್ನಡದ ಯಾವ ಊರಿನ ಯಾವ ಬೀದಿಯಲ್ಲಾದರೂ ಐಲೀನ್ ಸಿಗುತ್ತಾಳೆ, ಬಹುಶಃ ನಮ್ಮ ಮನೆಯೊಳಗೇ.

ಪಿಂಚಣಿಯ ಮಾತು ಕ್ಷುಲ್ಲಕವಲ್ಲ. ಐರ್ಲೆಂಡಿನಲ್ಲಿ ಮದುವೆಯಾಗದ ತಾಯಂದಿರಿಗೆ ಸರ್ಕಾರ ಭತ್ಯೆ ಕೊಡಲು ಶುರುಮಾಡಿದ್ದು 1973ರಲ್ಲಿ. ಅಲ್ಲಿಯವರೆಗೆ ಬಸುರಾದ ಹುಡುಗಿಗೆ ಇದ್ದ ದಾರಿ ಮೂರೋ ನಾಲ್ಕೋ: ತರಾತುರಿಯ ಮದುವೆ, ಇಂಗ್ಲೆಂಡಿಗೆ ಹಡಗು, ಕೌಂಟಿಯ ನಿರ್ಗತಿಕರ ಗೃಹ, ಇಲ್ಲವೇ ಸನ್ಯಾಸಿನಿಯರು ನಡೆಸುತ್ತಿದ್ದ ತಾಯಿ-ಮಗು ಗೃಹ. ಒಬ್ಬ ವಿಲ್ಸನ್ ತನ್ನ ಪಿಂಚಣಿಯಿಂದ ಮಾಡಿದ್ದನ್ನು ಒಂದು ದೇಶ ಮಾಡಲು ಅಷ್ಟು ಕಾಲ ಹಿಡಿಯಿತು. ಭತ್ಯೆ ಬಂದ ಮೇಲೂ ನಾಚಿಕೆ ಹೋಗಲಿಲ್ಲ. 1984ರ ಜನವರಿಯಲ್ಲಿ ಗ್ರಾನಾರ್ಡ್ ಎಂಬ ಪುಟ್ಟ ಊರಿನಲ್ಲಿ ಆನ್ ಲವೆಟ್ ಎಂಬ ಹದಿನೈದರ ಹುಡುಗಿ ಚರ್ಚಿನ ಬಳಿಯ ಮೇರಿಯಮ್ಮನ ಗವಿಯ ಮುಂದೆ, ಮಳೆಯಲ್ಲಿ, ಒಬ್ಬಳೇ ಹೆತ್ತಳು. ಮಗುವೂ ಉಳಿಯಲಿಲ್ಲ, ಅವಳೂ ಉಳಿಯಲಿಲ್ಲ. ಕೀಗನ್ ತಮ್ಮ ಕಥೆಯನ್ನು ಇಟ್ಟಿರುವುದು 1985ರಲ್ಲಿ. ಆ ವರ್ಷವನ್ನು ಓದುವ ಐರಿಷ್ ಓದುಗರಿಗೆ ಗ್ರಾನಾರ್ಡ್ ನೆನಪಾಗದೇ ಇರದು.

ಈ ಗೃಹಗಳ ಒಳಗಿನ ಬದುಕನ್ನು ಜಗತ್ತಿಗೆ ಹೆಚ್ಚು ತಲುಪಿಸಿದ್ದು ‘ಫಿಲೊಮಿನಾ’ ಸಿನಿಮಾ. ಸ್ಟೀಫನ್ ಫ್ರಿಯರ್ಸ್ ನಿರ್ದೇಶನ, 2013. ಫಿಲೊಮಿನಾ ಲೀ ಹದಿನೆಂಟಕ್ಕೆ ಬಸುರಿಯಾಗಿ ರಾಸ್‌ಕ್ರೇ ಊರಿನ ಶಾನ್ ರಾಸ್ ಆಬಿ ಗೃಹ ಸೇರಿದಾಕೆ. 1952ರಲ್ಲಿ ಆಂಥನಿ ಹುಟ್ಟಿದ. ಮೂರು ವರ್ಷ ಅಲ್ಲಿ ಬಟ್ಟೆ ಒಗೆಯುತ್ತ, ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ಮಗುವನ್ನು ನೋಡುತ್ತ ಕಳೆದಳು. 1955ರಲ್ಲಿ ಮಗುವನ್ನು ಅಮೆರಿಕದ ದಂಪತಿಗೆ ಕೊಟ್ಟರು. ಕಾರು ಹೊರಟುಹೋಗುವಾಗ ಗೇಟಿನ ಕಂಬಿ ಹಿಡಿದು ಕೂಗುವ ಹುಡುಗಿಯ ದೃಶ್ಯ ಆ ಚಿತ್ರದಲ್ಲಿ ಎಲ್ಲರಿಗೂ ನೆನಪಿರುವಂಥದ್ದು. (ಗೇಟು ಈ ಸಿನಿಮಾಗಳ ಖಾಯಂ ಪಾತ್ರಧಾರಿ. ಪೀಟರ್ ಮುಲನ್ ಅವರ 2002ರ ‘ದಿ ಮ್ಯಾಗ್ಡಲೀನ್ ಸಿಸ್ಟರ್ಸ್’ ಚಿತ್ರದಲ್ಲೂ ಕ್ರಿಸ್ಪೀನಾ ಎಂಬ ಹುಡುಗಿ ತನ್ನ ಮಗನನ್ನು ನೋಡುವುದು ಗೇಟಿನಾಚೆಯಿಂದಲೇ.)

ಸಿನಿಮಾ ಚೆನ್ನಾಗಿದೆ, ಜೂಡಿ ಡೆಂಚ್ ಇನ್ನೂ ಚೆನ್ನಾಗಿದ್ದಾರೆ. ಆದರೆ ಅದು ಹಾಕಿಕೊಂಡ ದಾರಿ ಗಮನಿಸಿ: ವಯಸ್ಸಾದ ತಾಯಿ, ಅವಳ ಪಕ್ಕ ಕೊಂಚ ಅಹಂಕಾರದ ಪತ್ರಕರ್ತ. ಹದಿನೆಂಟರ ಹುಡುಗಿ ಬರುವುದು ನೆನಪಿನ ತುಣುಕುಗಳಲ್ಲಿ ಮಾತ್ರ. ನಮ್ಮ ಸಿಟ್ಟನ್ನು ಪತ್ರಕರ್ತ ನಮ್ಮ ಪರವಾಗಿ ಮಾಡುತ್ತಾನೆ, ಕ್ಷಮೆಯನ್ನು ಮುದುಕಿ ಮಾಡುತ್ತಾಳೆ, ನಾವು ಹಗುರಾಗಿ ಹೊರಬರುತ್ತೇವೆ. ನಿಜವಾದ ಕಥೆಯ ಅತ್ಯಂತ ಕ್ರೂರವಾದ ಭಾಗ ಇನ್ನೊಂದು. ಮೈಕಲ್ ಹೆಸ್ ಎಂಬ ಹೆಸರಿನಲ್ಲಿ ಬೆಳೆದು, ಅಮೆರಿಕದ ರಿಪಬ್ಲಿಕನ್ ಪಕ್ಷದ ಮುಖ್ಯ ವಕೀಲನಾಗಿದ್ದ ಆ ಮಗ, ತಾಯಿಯನ್ನು ಹುಡುಕಿಕೊಂಡು ರಾಸ್‌ಕ್ರೇಗೆ ಬಂದಿದ್ದ. ತಾಯಿಯೂ ಮಗನ ಸುದ್ದಿ ಕೇಳಿಕೊಂಡು ಅದೇ ಬಾಗಿಲಿಗೆ ಬಂದಿದ್ದಳು. ಇಬ್ಬರಿಗೂ ಏನನ್ನೂ ಹೇಳಲಿಲ್ಲ. ಅವನು 1995ರಲ್ಲಿ ತೀರಿಕೊಂಡ. ಅವನಿಗೆ ಬೇಕೆಂದಂತೆ ಮಣ್ಣು ಮಾಡಿದ್ದು ಶಾನ್ ರಾಸ್‌ನಲ್ಲೇ. ತಾಯಿ ಎಂದಾದರೂ ಬಂದರೆ ಕಲ್ಲಿನ ಮೇಲಿನ ಹೆಸರು, ಹುಟ್ಟಿದ ದಿನ ನೋಡಿ ತಿಳಿದುಕೊಳ್ಳಲಿ ಎಂದು.

ಸಾಹಿತ್ಯದ ವಿಮರ್ಶೆಯಲ್ಲಿ ಸರ್ಕಾರಿ ವರದಿಗೇನು ಕೆಲಸ ಎಂದು ನೀವು ಕೇಳಬಹುದು. ಐರ್ಲೆಂಡಿನಲ್ಲಿ ಈ ವಿಷಯದ ಮೇಲಿನ ಅತಿ ದೊಡ್ಡ ಪಠ್ಯ ಅದೇ. ಇತಿಹಾಸ ಸಂಶೋಧಕಿ ಕ್ಯಾಥರಿನ್ ಕೊರ್ಲೆಸ್, ಗಾಲ್ವೇ ಕೌಂಟಿಯ ಟ್ಯೂಮ್ ಊರಿನ ಗೃಹದಲ್ಲಿ ಸತ್ತ 796 ಮಕ್ಕಳ ಹೆಸರನ್ನು ಮರಣಪತ್ರಗಳಿಂದ ಒಂದೊಂದಾಗಿ ಹೆಕ್ಕಿ ತೆಗೆದ ಮೇಲೆ ಆಯೋಗ ರಚನೆಯಾಯಿತು. (ಗಾಲ್ವೇ ಹೆಸರು ಕನ್ನಡಿಗರಿಗೆ ಪರಿಚಯವಾದದ್ದು 2012ರಲ್ಲಿ, ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ ಅಲ್ಲಿ ಗರ್ಭಪಾತ ನಿರಾಕರಣೆಯ ನಡುವೆ ತೀರಿಕೊಂಡಾಗ. ಬಸುರಿನ ವಿಷಯದಲ್ಲಿ ಆ ದೇಶದ ಕಾನೂನು ಬದಲಿಸಿದ 2018ರ ಜನಮತಗಣನೆಯಲ್ಲಿ ಅವರ ಚಿತ್ರ ಬೀದಿ ಬೀದಿಯಲ್ಲಿತ್ತು.) ಆಯೋಗದ ಅಂತಿಮ ವರದಿ 2021ರ ಜನವರಿಯಲ್ಲಿ ಹೊರಬಂತು. 1922ರಿಂದ 1998ರವರೆಗೆ 18 ಸಂಸ್ಥೆಗಳು. ಸುಮಾರು 56,000 ತಾಯಂದಿರು, ಸುಮಾರು 57,000 ಮಕ್ಕಳು. ಸುಮಾರು 9,000 ಮಕ್ಕಳು ಅಲ್ಲಿ ಸತ್ತರು. 5,616 ತಾಯಂದಿರಿಗೆ ಹದಿನೆಂಟು ತುಂಬಿರಲಿಲ್ಲ. ಅತಿ ಚಿಕ್ಕವಳಿಗೆ ಹನ್ನೆರಡು. ಕಾರ್ಕ್‌ನ ಬೆಸ್‌ಬರೋ ಗೃಹಕ್ಕೆ ಸಂಬಂಧಿಸಿದ ಮಕ್ಕಳಲ್ಲಿ 900ಕ್ಕೂ ಹೆಚ್ಚು ಸಾವು. ಎಲ್ಲಿ ಹೂತರು ಎಂದು ಆಯೋಗಕ್ಕೆ ಗೊತ್ತಾದದ್ದು 64 ಮಕ್ಕಳದು ಮಾತ್ರ.

ಈ ಅಂಕಿಗಳಲ್ಲಿ ತಾಯಂದಿರದೊಂದು ಲೆಕ್ಕ, ಮಕ್ಕಳದೊಂದು ಲೆಕ್ಕ. ಯಾವ ತಾಯಿಯ ಯಾವ ಮಗು ಎಂಬುದು ಆ ಅಂಕಣಗಳ ನಡುವೆ ಬಿದ್ದುಹೋಗಿದೆ. ತಮ್ಮ ಬಾಯಿಂದಲೇ ಹೇಳಲು ಬಂದ ಸುಮಾರು 550 ಜನರ ಮಾತುಗಳಿಗೆ ವರದಿಯಲ್ಲಿ ಬೇರೆಯೇ ಒಂದು ಭಾಗ ಕೊಟ್ಟರು. ಆಯೋಗದ ತೀರ್ಮಾನಗಳಲ್ಲಿ ಆ ದನಿಗೆ ಸಿಕ್ಕ ತೂಕ ಕಡಿಮೆ. ಹುಡುಗಿಯರನ್ನು ಕಠೋರವಾಗಿ ನಡೆಸಿಕೊಂಡ ಹೊಣೆ ಮುಖ್ಯವಾಗಿ ಮಕ್ಕಳ ತಂದೆಯರದು ಮತ್ತು ಹುಡುಗಿಯರ ಮನೆಯವರದು, ಸರ್ಕಾರ ಮತ್ತು ಚರ್ಚು ಅದಕ್ಕೆ ಬೆಂಬಲವಾಗಿ ನಿಂತವು ಎಂದು ಆಯೋಗ ಬರೆಯಿತು. ಸಾಕ್ಷಿ ಹೇಳಿದವರ ಧ್ವನಿಮುದ್ರಿಕೆಗಳನ್ನು ಅಳಿಸಿದ್ದರು, ದೊಡ್ಡ ಗದ್ದಲವಾದ ಮೇಲೆ ಅವನ್ನು ಮತ್ತೆ ಹುಡುಕಿ ತೆಗೆದರು. ತಾವು ಹೇಳಿದ್ದು ಒಂದು, ಅಚ್ಚಾಗಿದ್ದು ಇನ್ನೊಂದು ಎಂದು ಹಲವರು ದೂರಿದರು. ಫಿಲೊಮಿನಾ ಲೀ ಮತ್ತು ಇನ್ನೊಬ್ಬ ಮಹಿಳೆ ಹೂಡಿದ ದಾವೆಯಲ್ಲಿ, ವರದಿಯ ಕರಡನ್ನು ಮೊದಲೇ ತೋರಿಸದೆ ಅವರ ಹಕ್ಕನ್ನು ಮುರಿಯಲಾಗಿದೆ ಎಂದು 2021ರ ಡಿಸೆಂಬರಿನಲ್ಲಿ ಹೈಕೋರ್ಟು ದಾಖಲಿಸಬೇಕಾಯಿತು.

ಇನ್ನೊಂದು ವಿವರವನ್ನು ನಾನು ಆ ವಿದ್ಯಾರ್ಥಿನಿಯ ಪ್ರಶ್ನೆಯ ನಂತರವೇ ಹುಡುಕಿ ಓದಿದ್ದು. ಪರಿಹಾರ ಯೋಜನೆ 2024ರಲ್ಲಿ ಅರ್ಜಿ ತೆಗೆದುಕೊಳ್ಳಲು ಶುರುಮಾಡಿತು. ಗೃಹದಲ್ಲಿ ಒಂದೇ ರಾತ್ರಿ ಕಳೆದ ತಾಯಿಗೂ ಹಣ ಸಿಗುತ್ತದೆ. ಮಗುವಾಗಿ ಅಲ್ಲಿದ್ದವರಿಗೆ ಮಾತ್ರ ಕನಿಷ್ಠ 180 ದಿನ ಕಳೆದಿರಬೇಕು. ಹದಿನಾಲ್ಕು ವಾರ ಎಂದರೆ 98 ದಿನ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಕಥೆಯನ್ನು ಹುಡುಗಿಯ ಕಣ್ಣಿನಿಂದ ಹೇಳದೆ ಪಕ್ಕದಲ್ಲಿ ನಿಂತವನ ಕಣ್ಣಿನಿಂದ ಹೇಳುವುದು ಸೋಲೇ ಆಗಬೇಕಿಲ್ಲ. ಅನಂತಮೂರ್ತಿಯವರ ‘ಘಟಶ್ರಾದ್ಧ’ದಲ್ಲಿ ಬಸುರಾದ ಯಮುನಕ್ಕನನ್ನು ನಾವು ಕಾಣುವುದು ನಾಣಿಯ ಮೂಲಕ. ಗಿರೀಶ ಕಾಸರವಳ್ಳಿಯವರ 1977ರ ಚಿತ್ರದಲ್ಲೂ ಹಾಗೇ. ಹುಡುಗನಿಗೆ ಪೂರ್ತಿ ಅರ್ಥವಾಗುವುದಿಲ್ಲ, ಅರ್ಥವಾಗದ್ದರಿಂದಲೇ ನಮಗೆ ತಡೆಯಲಾಗುವುದಿಲ್ಲ. ಆದರೆ ನಾಣಿಗೂ ಫರ್ಲಾಂಗನಿಗೂ ವ್ಯತ್ಯಾಸವಿದೆ. ನಾಣಿಯನ್ನು ಅವನ ಅಪ್ಪ ಕರೆದುಕೊಂಡು ಹೋಗುತ್ತಾನೆ, ಯಮುನಕ್ಕ ಅಲ್ಲೇ ಉಳಿಯುತ್ತಾಳೆ. ಆ ಕಥೆ ನಮ್ಮನ್ನು ಹಗುರಾಗಲು ಬಿಡುವುದಿಲ್ಲ. ಕೀಗನ್ ಪುಸ್ತಕ ಹಗುರಾಗಲು ಬಿಡುತ್ತದೆ, ಮಗುವನ್ನು ನೆನಪಿಡದಿದ್ದರೆ.

ಹಾಗಾದರೆ ಹುಡುಗಿ, ಮಗು ಇಬ್ಬರನ್ನೂ ಹಿಡಿಯುವ ಕಥನ ಹೇಗಿರುತ್ತದೆ? ಐರ್ಲೆಂಡಿನಿಂದ ಬೆಲ್ಜಿಯಂಗೆ, ಗೋಡೆ ಎತ್ತರಿಸಿದ ಮಠದಿಂದ ಇವತ್ತಿನ ಸರ್ಕಾರಿ ನೆರವಿನ ಆಶ್ರಯಮನೆಗೆ ಬಂದರೆ ಒಂದು ಉತ್ತರವಿದೆ. ಡಾರ್ಡೆನ್ ಸಹೋದರರ ‘ಯಂಗ್ ಮದರ್ಸ್’ 2025ರ ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ಚಿತ್ರಕಥೆಯ ಪ್ರಶಸ್ತಿ ಪಡೆಯಿತು. ಲಿಯೆಜ್ ನಗರದ ಕಡೆ ಇಂಥದೊಂದು ಮನೆಗೆ ಒಬ್ಬ ಹುಡುಗಿಯ ಕಥೆಗಾಗಿ ಹೋದ ಸಹೋದರರು ಐವರ ಕಥೆ ಹಿಡಿದು ಬಂದರು: ಜೆಸಿಕಾ, ಪೆರ್ಲಾ, ಜೂಲಿ, ಆರಿಯಾನ್, ನೈಮಾ. ಇದೇ ನಿರ್ದೇಶಕರ 2005ರ ‘ದಿ ಚೈಲ್ಡ್’ ಚಿತ್ರದಲ್ಲಿ ಬ್ರೂನೋ ಎಂಬ ಯುವಕ ತನ್ನ ಹಸುಗೂಸನ್ನು ದುಡ್ಡಿಗೆ ಮಾರಿಬಿಡುತ್ತಾನೆ. ಹದಿನೆಂಟರ ತಾಯಿ ಸೋನಿಯಾ ಸುದ್ದಿ ಕೇಳಿ ಕುಸಿದು ಬೀಳುತ್ತಾಳೆ, ಕ್ಯಾಮೆರಾ ಮಾತ್ರ ಬ್ರೂನೋನ ಹಿಂದೆಯೇ ಓಡುತ್ತದೆ. ಇಪ್ಪತ್ತು ವರ್ಷದ ಮೇಲೆ ಆ ಕ್ಯಾಮೆರಾ ಹಿಂತಿರುಗಿ ಸೋನಿಯಾಳಂಥವರ ಹತ್ತಿರ ಬಂದಿದೆ.

ಚಿತ್ರದಲ್ಲಿ ಹುಡುಗಿಯರ ತೋಳು ಖಾಲಿ ಇರುವುದು ಅಪರೂಪ. ಬಸ್ಸು ಹತ್ತುವಾಗ, ಗೆಳೆಯನ ಜೊತೆ ಜಗಳವಾಡುವಾಗ, ಬಾಡಿಗೆ ಮನೆ ನೋಡುವಾಗ ಮಗು ಇದ್ದೇ ಇದೆ, ಎದೆಗೆ ಕಟ್ಟಿಕೊಂಡೋ ತಳ್ಳುಗಾಡಿಯಲ್ಲೋ. ಹಸುಗೂಸಿಗೆ ನಟನೆ ಬರುವುದಿಲ್ಲ. ಅದು ಅತ್ತರೆ ನಟಿ ಮಾತು ನಿಲ್ಲಿಸಬೇಕು, ತಲೆಗೆ ಕೈ ಒತ್ತು ಕೊಡಬೇಕು. ಆ ಒತ್ತು ಕೊಡುವ ಕೈ ಎಷ್ಟೋ ಸಂಭಾಷಣೆಗಿಂತ ಹೆಚ್ಚು ಹೇಳುತ್ತದೆ. ಪೆರ್ಲಾಳ ಗೆಳೆಯ ಬಾಲಾಪರಾಧಿಗಳ ಕೇಂದ್ರದಿಂದ ಹೊರಬರುತ್ತಾನೆ. ಅವಳು ಮಗುವನ್ನು ಕರೆದುಕೊಂಡು ಎದುರುಗೊಳ್ಳಲು ಹೋದರೆ ಅವನಿಗೆ ಮಗುವಿನ ಕಡೆ ಗಮನವೇ ಇಲ್ಲ. ಇಲ್ಲಿ ಕಿತ್ತುಕೊಳ್ಳುವ ಸನ್ಯಾಸಿನಿ ಇಲ್ಲ, ಬೀಗ ಇಲ್ಲ. ಅಡುಗೆಯ ಸರದಿ ಇದೆ, ಸ್ನಾನ ಮಾಡಿಸಲು ಕಲಿಸುವ ಸಿಬ್ಬಂದಿ ಇದ್ದಾರೆ. ಆದರೂ ಅಮ್ಮ ಕೈಬಿಟ್ಟ ಮಗಳೇ ಈಗ ಹೆರುತ್ತಿದ್ದಾಳೆ. ಜೆಸಿಕಾ ಬಸುರಿಯಾಗಿದ್ದುಕೊಂಡು ತನ್ನನ್ನು ಹೆತ್ತವಳನ್ನು ಹುಡುಕುತ್ತಾಳೆ. ಅವಳೊಬ್ಬಳಲ್ಲೇ ಫಿಲೊಮಿನಾಳೂ ಆಂಥನಿಯೂ ಇದ್ದಾರೆ.

ಚಿತ್ರದ ಬಗ್ಗೆ ನನಗೆ ತಕರಾರಿಲ್ಲವೆಂದಲ್ಲ. ಒಂದೂಮುಕ್ಕಾಲು ಗಂಟೆಯಲ್ಲಿ ಐದು ಬದುಕು ಎಂದರೆ ನೈಮಾಳ ಪಾಲಿಗೆ ರೈಲಿನ ಕೆಲಸ ಸಿಕ್ಕಿ ಮನೆ ಬಿಟ್ಟು ಹೊರಡುವ ಸಂತೋಷದ ವಿದಾಯ ಮಾತ್ರ ಉಳಿಯುತ್ತದೆ. ಸಿಬ್ಬಂದಿ ಎಲ್ಲರೂ ತಾಳ್ಮೆಯ ಮೂರ್ತಿಗಳು; ರಾತ್ರಿ ಪಾಳಿಯಲ್ಲಿ ಒಮ್ಮೆಯಾದರೂ ರೇಗದ ವಾರ್ಡನ್ ಎಲ್ಲಿದ್ದಾಳೆ?

ದೊಡ್ಡ ತಕರಾರು ಆರಿಯಾನ್ ವಿಷಯದಲ್ಲಿ. ಹದಿನೈದರ ಆರಿಯಾನ್ ತನ್ನ ಮಗು ಲಿಲಿಯನ್ನು ಬೇರೊಂದು ಕುಟುಂಬಕ್ಕೆ ಒಪ್ಪಿಸಬೇಕೆಂದಿದ್ದಾಳೆ. ಕುಡಿತ, ಹೊಡೆತ ಎರಡನ್ನೂ ಕಂಡ ಮನೆ ಅವಳದು. ಅವಳ ತಾಯಿ ಮಾತ್ರ, ಈಗ ಬದಲಾಗಿದ್ದೇನೆ, ಮಗುವನ್ನು ನಾನು ಸಾಕುತ್ತೇನೆ ಎಂದು ದುಂಬಾಲು ಬೀಳುತ್ತಾಳೆ. ಮಗುವನ್ನು ಕೊಟ್ಟುಬಿಡಬೇಡ ಎನ್ನುವ ಅಜ್ಜಿ, ಕೊಡುತ್ತೇನೆ ಎನ್ನುವ ತಾಯಿ. ಐರ್ಲೆಂಡಿನ ಕಥೆಗಳನ್ನು ಓದಿ ಬಂದವರಿಗೆ ಇದು ತಲೆಕೆಳಗಾದ ಲೋಕ. ಮಗುವನ್ನು ಕರೆದೊಯ್ಯಲಿರುವ ದಂಪತಿಯನ್ನು ಆರಿಯಾನ್ ಸಂಗೀತದ ಬಗ್ಗೆ ವಿಚಾರಿಸುತ್ತಾಳೆ. ನೋಡುವಾಗ ಕಣ್ಣು ತುಂಬಿತು, ಮನೆಗೆ ಬಂದ ಮೇಲೆ ಕಸಿವಿಸಿಯಾಯಿತು. ಸಂಗೀತ ಇರುವ ಮನೆ ಎಂದರೆ ಅನುಕೂಲಸ್ಥರ ಮನೆ. 1955ರಲ್ಲಿ ಅಮೆರಿಕಕ್ಕೆ ಕಳಿಸಿದವರೂ ಹುಡುಗಿಯರಿಗೆ ಹೇಳಿದ್ದು ಇದನ್ನೇ ಅಲ್ಲವೇ, ಮಗುವಿಗೆ ನಿನ್ನ ಹತ್ತಿರ ಸಿಗದ್ದು ಅಲ್ಲಿ ಸಿಗುತ್ತದೆ ಎಂದು? ಬಡವಿಯ ಬಾಯಲ್ಲೇ ಆ ಮಾತನ್ನು ಹೇಳಿಸಿದರೆ ಅದು ಅವಳ ಆಯ್ಕೆಯಾಗಿಬಿಡುತ್ತದೆಯೇ?

ಇದಕ್ಕೆ ನನ್ನಲ್ಲಿ ಪೂರ್ತಿ ಸಮಾಧಾನದ ಉತ್ತರವಿಲ್ಲ. ಒಂದು ವ್ಯತ್ಯಾಸವನ್ನು ಮಾತ್ರ ತೋರಿಸಬಲ್ಲೆ. ಆರಿಯಾನ್ ಆ ದಂಪತಿಯ ಮುಖ ನೋಡಿದ್ದಾಳೆ, ಪ್ರಶ್ನೆ ಕೇಳಿದ್ದಾಳೆ. ಅವಳಿಗೆ ಎಂಡಾ ಎಂದು ಯಾರೂ ಹೆಸರಿಟ್ಟಿಲ್ಲ. ಮಗಳಿಗೆ ಹದಿನೆಂಟಾದಾಗ ಓದಲಿ ಎಂದು ಅವಳೊಂದು ಪತ್ರ ಬರೆಯುತ್ತಾಳೆ, ತನ್ನ ಕೈಬರಹದಲ್ಲಿ, ತನ್ನ ಹೆಸರಿನಲ್ಲಿ. ರಾಸ್‌ಕ್ರೇಯ ಬಾಗಿಲಿಗೆ ಬಂದು ನಿಂತ ಮೈಕಲ್ ಹೆಸ್‌ಗೆ ಅಂಥದ್ದೊಂದು ಕಾಗದ ಇರಲಿಲ್ಲ.